ಸ್ಟೋರಣ್ಣನ ಬಾಣಲೆ

ಗುಂಡಿಗೆ ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿ ಹಿಂದೆ ಸರಿದರು. ಒಬ್ಬ ಹೆಂಗಸು ಮಾತ್ರ ಎರಡು ಹಿಡಿ ಹಾಕಿದಳು. ಬೇರೆ ಯಾರೂ ಗಮನಿಸಲಿಲ್ಲ, ಸತ್ತವನ ಹೆಂಡತಿ ಗಮನಿಸಿದಳು. ಕಟ್ಟಿಕೊಂಡ ತಾನೇ ಒಂದು ಹಿಡಿ ಹಾಕಿರುವಾಗ ಇವಳದೇನು ಎರಡು?

"ಯಾರೇ ಅದು?" ಎಂದು ಮಗಳ ಕಿವಿಯಲ್ಲಿ ಕೇಳಿದಳು.

"ಅಪ್ಪನ ಡಿಪೋದವರು ಅಮ್ಮಾ. ಬಸ್ಸಿನ ಸೀಟು ಹೊಲೀತಾರೆ. ಈಗ ಸುಮ್ನಿರು."

ಬಾಯಿ ಸುಮ್ಮನಾಯಿತು, ಕಣ್ಣು ಸುಮ್ಮನಾಗಲಿಲ್ಲ. ಸೀಟಿನವಳಿಗೆ ನಲವತ್ತು ದಾಟಿತ್ತು. ಬೆರಳ ತುದಿಗಳಲ್ಲಿ ಸೂಜಿ ಚುಚ್ಚಿದ ಗುರುತುಗಳಿದ್ದವು, ಅತ್ತು ಅತ್ತು ಮೂಗು ಕೆಂಪಾಗಿತ್ತು. ಹೆಂಡತಿಗೋ ಅವನು ಸತ್ತ ಶುಕ್ರವಾರದಿಂದ ಒಂದು ಹನಿ ಕಣ್ಣೀರು ಬಂದಿರಲಿಲ್ಲ. ತನ್ನ ಪಾಲಿನದನ್ನೂ ಇವಳೇ ಅತ್ತು ಮುಗಿಸುತ್ತಿದ್ದಾಳೆ ಎನ್ನಿಸಿ ಅವಳ ಹೊಟ್ಟೆಯಲ್ಲಿ ಕಿಚ್ಚು ಹತ್ತಿತು.

ಇವಳು ಇಷ್ಟು ಅಳುವಂಥದ್ದನ್ನು ತನ್ನ ಗಂಡ ಮಾಡಿದ್ದಾದರೂ ಏನು? ಬಸ್ ಡಿಪೋದ ಸ್ಟೋರಿನಲ್ಲಿ ಮೂವತ್ತೊಂದು ವರ್ಷ ಕೂತು ನಟ್ಟು ಬೋಲ್ಟು ಕೊಟ್ಟ. ಹಳೆಯದನ್ನು ತಂದು ಕೈಗಿಡದೆ ಯಾರಿಗೂ ಹೊಸದನ್ನು ಕೊಟ್ಟವನಲ್ಲ. ಮನೆಯಲ್ಲೂ ಅದೇ ಕತೆ. ಸವೆದ ಹಲ್ಲುಜ್ಜುವ ಬ್ರಷ್ಷನ್ನು ತೋರಿಸಿದರೆ ಮಾತ್ರ ಬೀರುವಿನಿಂದ ಹೊಸದು ಇಳಿಯುತ್ತಿತ್ತು. ಭಾನುವಾರವೂ ಡ್ಯೂಟಿ ಎಂದು ಎಂಟಕ್ಕೆ ಹೊರಟರೆ ಮಧ್ಯಾಹ್ನ ಬರುತ್ತಿದ್ದ. ಮಾತು ಕಡಿಮೆ. "ನಮ್ಮವರಿಗೆ ನೀರು ಕಾಯಿಸೋಕೂ ಬರಲ್ಲ" ಎಂದು ಅವಳು ಅಕ್ಕಪಕ್ಕದವರ ಮುಂದೆ ಹೇಳುತ್ತಿದ್ದಳು. ದೂರಿನ ಹಾಗೆ ಹೇಳಿದರೂ ಅದರಲ್ಲಿ ಜಂಬವೇ ಹೆಚ್ಚಿತ್ತು.

ಮನೆಗೆ ಮರಳಿದಾಗ ಭಾನುವಾರ ಬೆಳಿಗ್ಗೆ ಹತ್ತೂವರೆ. ಡಿಪೋದವರು ಏಳೆಂಟು ಮಂದಿ ಚಪ್ಪಲಿ ಬಿಟ್ಟು ಒಳಬಂದು ಗೋಡೆಗೆ ಒರಗಿ ನಿಂತರು. ಎಲ್ಲರೂ ಮೇಸ್ತ್ರಿ ಎಂದು ಕರೆಯುವ ಹಿರಿಯ ಮೆಕ್ಯಾನಿಕ್ಕು ಒಂದು ಗೋಣಿಚೀಲವನ್ನು ಬಾಗಿಲ ಮೂಲೆಗೆ ಇಳಿಸಿದ.

"ಸ್ಟೋರಣ್ಣ ಇಲ್ಲ ಅಂದ್ರೆ ನಂಬೋಕಾಗ್ತಿಲ್ಲ ಅಮ್ಮಾ," ಎಂದ ಮೇಸ್ತ್ರಿ. "ನಮಗಿನ್ನು ಎಂಥ ಭಾನುವಾರ? ಆ ಮೊಟ್ಟೆ ಇನ್ನೆಲ್ಲಿ ಸಿಗುತ್ತೆ!"

ಗಂಡನಿಗೆ ಸ್ಟೋರಣ್ಣ ಎಂಬ ಹೆಸರಿದ್ದದ್ದೇ ಅವಳಿಗೆ ಹೊಸದು. "ಯಾವ ಮೊಟ್ಟೆ?" ಎಂದಳು.

"ಅವರ ಕೈಯಿಂದು. ನಿಮಗೆ ಗೊತ್ತಿಲ್ದೇ ಇರುತ್ತಾ? ಚಳಿಗಾಲದಲ್ಲಿ ಬಟಾಣಿ, ಬೇಸಿಗೇಲಿ ಟೊಮೇಟೊ, ಮಳೆಗಾಲದಲ್ಲಿ ಕುಂಬಳಕಾಯಿ. ಆಯಾ ಕಾಲಕ್ಕೆ ಏನು ಬರುತ್ತೋ ಅದರ ಮೇಲೆ ಮೊಟ್ಟೆ ಒಡೆದು ಹಾಕೋರು. ಹತ್ತೂವರೆಗೆ ಬಾಣಲೆ ಇಳಿಸಿದ್ರೆ ಬಸ್ಸಿನ ಅಡಿ ಮಲಗಿದ್ದೋರೂ ಎದ್ದು ಬರೋರು!"

ಇವರೆಲ್ಲ ತಪ್ಪು ಮನೆಗೆ ಬಂದಿದ್ದಾರೆಯೇ ಎಂದು ಅವಳಿಗೆ ಒಂದು ಗಳಿಗೆ ಅನುಮಾನವಾಯಿತು.

ಸೀಟಿನವಳು ಚೀಲದ ಬಾಯಿ ಬಿಚ್ಚಿದಳು. "ಟೈರ್ ರಾಶಿ ಹಿಂದೆ ಅವರೇ ಬೆಳೆದ ಬಟಾಣಿ ಅಕ್ಕಾ. ಈ ಭಾನುವಾರ ಕೀಳೋಣ ಅಂದಿದ್ರು. ಬಿಟ್ರೆ ಬಲಿತುಹೋಗುತ್ತಲ್ಲ, ಕಿತ್ತು ತಂದ್ವಿ. ಬಾಣಲೆನೂ ಇದೆ. ಇಲ್ಲಿಂದ ಡಿಪೋಗೆ ಹೋಗಿ ಅವರ ನೆನಪಲ್ಲಿ..."

"ನೀನೇನು ಮಾಡ್ತಿದ್ದೆ ಅಲ್ಲಿ?"

"ಅವರ ಜೊತೆ ಕೂತು ಬಟಾಣಿ ಬಿಡಿಸ್ತಿದ್ದೆ. ಒಂಬತ್ತು ವರ್ಷದಿಂದ."

ಒಂಬತ್ತು ವರ್ಷ! ಎದುರುಬದುರು ಕೂತು, ನಡುವೆ ಒಂದು ಮೊರ ಇಟ್ಟುಕೊಂಡು! ಈ ಮನೆಯಲ್ಲಿ ಅವನು ಒಂದು ಬೆಳ್ಳುಳ್ಳಿ ಸುಲಿದವನಲ್ಲ. ಅವಳು ತಿರುಗಿ ಮಗಳನ್ನು ನೋಡಿದಳು. ಮಗಳು ನೆಲ ನೋಡಿದಳು.

"ನಿನಗೂ ಗೊತ್ತಿತ್ತಾ?"

"ಚಿಕ್ಕವಳಿದ್ದಾಗ ಎರಡು ಮೂರು ಸಲ ಕರ್ಕೊಂಡು ಹೋಗಿದ್ರು. ಅಮ್ಮನಿಗೆ ಹೇಳ್ಬೇಡ, ನೊಂದ್ಕೋತಾಳೆ ಅಂದ್ರು."

ಊರಿಗೆ ಉಪಕಾರಿ, ಮನೆಗೆ ಮಾರಿ. ಡಿಪೋದ ಕಸ ಗುಡಿಸುವವನಿಂದ ಹಿಡಿದು ಹೆತ್ತ ಮಗಳವರೆಗೆ ಎಲ್ಲರೂ ಅವನ ಕೈಯಡುಗೆ ತಿಂದಿದ್ದಾರೆ, ಕೈಹಿಡಿದವಳೊಬ್ಬಳೇ ತಿಂದಿಲ್ಲ. ಇನ್ನು ತಿನ್ನುವಂತೆಯೂ ಇಲ್ಲ. ಅವಳು ಸೆರಗು ಬಿಗಿದು ಎದ್ದಳು.

"ಡಿಪೋಗೆ ಯಾಕೆ? ಇಲ್ಲೇ ಮಾಡು, ನನ್ನ ಒಲೆ ಮೇಲೆ. ಅದೇನು ಅಂಥಾದ್ದು, ನಾನೂ ನೋಡ್ತೀನಿ."

*

ಮದುವೆಯಾದ ಹೊಸತು. ಅದೂ ಒಂದು ಭಾನುವಾರ. ಅವಳು ಬಟಾಣಿ, ಈರುಳ್ಳಿ ಸೊಪ್ಪು ಬಾಡಿಸಿ, ಗುಳಿ ಮಾಡಿ ಮೊಟ್ಟೆ ಒಡೆದು ಹಾಕಿ ಮುಚ್ಚಿದ್ದಳು. ತವರಿನಿಂದ ತಂದ ಕೈಗುಣವೆಂದು ಅವಳಿಗೆ ಅದರ ಮೇಲೆ ಬಹಳ ಅಭಿಮಾನ. ಅವನು ಹಿಂದಿನಿಂದ ಬಂದು ಮುಚ್ಚಳ ಎತ್ತಿದ.

"ಈಗಲೇ ಇಳಿಸಿದ್ರೆ ಹಳದಿ ಮೆತ್ತಗಿರುತ್ತೆ ಅಲ್ವಾ? ಸ್ವಲ್ಪ ಸೊಪ್ಪು ಹಸಿದೇ ಮೇಲೆ ಉದುರಿಸಿದ್ರೆ..."

ಅವಳಿಗೆ ಮೈಯೆಲ್ಲ ಉರಿಯಿತು. "ನನ್ನ ಅಡುಗೆಮನೇಲಿ ಮೂಗು ತೂರಿಸ್ಬೇಡಿ. ನಾನೇನು ನಿಮ್ಮ ಸ್ಟೋರಿಗೆ ಬಂದು ಬೋಲ್ಟು ಆರಿಸ್ತೀನಾ? ಅಷ್ಟು ಗೊತ್ತಿದ್ರೆ ನಿಮ್ಮ ಡಿಪೋದಲ್ಲೇ ಮಾಡ್ಕೊಂಡು ತಿನ್ನಿ!"

"ಆಯ್ತು," ಎಂದು ಅವನು ಮುಚ್ಚಳ ಮುಚ್ಚಿದ.

ಹಟಕ್ಕೆ ಅವಳು ಹಳದಿ ಕಲ್ಲಾಗುವವರೆಗೆ ಬೇಯಿಸಿದಳು. ಅವನು ಪೂರ್ತಿ ತಿಂದು, ಒಂದು ಲೋಟ ನೀರು ಕುಡಿದ. ಆ ಮಾತು ಅವಳಿಗೆ ಸಂಜೆಯೊಳಗೆ ಮರೆತುಹೋಯಿತು. ಅವನೋ, ಕೇಳಿದ ಅಳತೆಯ ಬೋಲ್ಟನ್ನೇ ಕೊಡುವ ಮನುಷ್ಯ. ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ನಡೆಸಿದ.

*

ಬಾಣಲೆ ಒಲೆಯನ್ನೇ ನುಂಗುವಷ್ಟು ದೊಡ್ಡದಿತ್ತು. ದಪ್ಪ ಕಬ್ಬಿಣ, ಒಳಗೆಲ್ಲ ಎಣ್ಣೆ ಹಿಡಿದು ಕಪ್ಪಗೆ ಮಿನುಗುತ್ತಿತ್ತು. ಅದು ಕಾಯುವಷ್ಟರಲ್ಲಿ ಇಬ್ಬರೂ ಹೆಂಗಸರು ನೆಲದ ಮೇಲೆ ಕೂತು ಬಟಾಣಿ ಬಿಡಿಸಿದರು. ಸೀಟಿನವಳ ಬೆರಳು ಚುರುಕಾಗಿತ್ತು. ಹೆಂಡತಿ ತನ್ನ ಬೆರಳನ್ನು ಅದಕ್ಕಿಂತ ಚುರುಕು ಮಾಡಿದಳು.

ಕೊನೆಗೆ ತಡೆಯಲಾಗದೆ ಕೇಳಿಯೇಬಿಟ್ಟಳು. "ಅಲ್ಲಿ ಎರಡು ಹಿಡಿ ಮಣ್ಣು ಯಾಕೆ ಹಾಕ್ದೆ?"

"ಒಂದು ನಂದು ಅಕ್ಕಾ. ಇನ್ನೊಂದು ನಮ್ಮ ವೆಲ್ಡರ್ ತಾತಂದು. ಹಾಸಿಗೆ ಹಿಡಿದಿದಾರೆ ಪಾಪ. ನನ್ನ ಪರವಾಗಿ ಒಂದು ಹಿಡಿ ಹಾಕಮ್ಮ ಅಂದಿದ್ರು. ಈ ಬಾಣಲೆ ಬಡಿದುಕೊಟ್ಟಿದ್ದೂ ಅವರೇ."

ಒಂದು ಕಿಚ್ಚು ಆರಿತು. ಆದರೆ ಇನ್ನೊಂದು ಉಳಿದಿತ್ತು, ಅದು ಇದಕ್ಕಿಂತ ದೊಡ್ಡದು.

ಬಟಾಣಿ ಬಾಡಿತು. ಸೀಟಿನವಳು ಸೌಟಿನ ಬೆನ್ನಿನಿಂದ ಗುಳಿ ಮಾಡಿ ಹನ್ನೆರಡು ಮೊಟ್ಟೆ ಒಡೆದು ಹಾಕಿ ಮುಚ್ಚಿದಳು. ಬಾಡಿಸುವುದು, ಗುಳಿ ಮಾಡುವುದು, ಮುಚ್ಚುವುದು ಎಲ್ಲವೂ ಹೆಂಡತಿಯ ಕೈಯ ಕ್ರಮವೇ. ಸ್ವಲ್ಪ ಹೊತ್ತಿಗೆ ಸೀಟಿನವಳು ಒಲೆ ಆರಿಸಿದಳು.

"ಇನ್ನೂ ಬೆಂದಿಲ್ಲ ಅದು," ಎಂದಳು ಹೆಂಡತಿ.

"ಬಾಣಲೆ ಬಿಸಿಗೇ ಆಗುತ್ತೆ ಅಕ್ಕಾ. ಸ್ಟೋರಣ್ಣ ಪ್ರತಿ ಸಲ ಹೇಳೋರು, ಇದು ನಮ್ಮನೆಯವಳ ಅಡುಗೆ, ನಾನು ಸ್ವಲ್ಪ ಬೇಗ ಇಳಿಸ್ತೀನಿ ಅಷ್ಟೇ, ಅಂತ." ಹೇಳುತ್ತ ಹೇಳುತ್ತ ಅವಳು ಹಸಿ ಈರುಳ್ಳಿ ಸೊಪ್ಪನ್ನು ಮೇಲೆ ಉದುರಿಸಿ, ಅರ್ಧ ನಿಂಬೆಹಣ್ಣು ಹಿಂಡಿದಳು.

ಮೊದಲ ತಟ್ಟೆ ಹೆಂಡತಿಗೇ ಬಂತು. ಡಿಪೋದವರೆಲ್ಲ ಬಾಗಿಲಲ್ಲಿ ಗುಂಪಾಗಿ ಅವಳ ಬಾಯಿಯನ್ನೇ ನೋಡುತ್ತಿದ್ದರು. ಚಮಚ ತಗುಲಿದೊಡನೆ ಹಳದಿ ಒಡೆದು ಬಟಾಣಿಯ ಮೇಲೆ ಹರಿಯಿತು. ಅವಳು ಬಾಯಿಗಿಟ್ಟು ತಪ್ಪು ಹುಡುಕಿದಳು. ಉಪ್ಪಿನಲ್ಲಿ ಹುಡುಕಿದಳು, ಎಣ್ಣೆಯಲ್ಲಿ ಹುಡುಕಿದಳು. ಸಿಗಲಿಲ್ಲ. ಚೆನ್ನಾಗಿತ್ತು. ತನ್ನದಕ್ಕಿಂತ ಚೆನ್ನಾಗಿತ್ತು.

ಇಷ್ಟು ರುಚಿಯಾದದ್ದನ್ನು ಅಲ್ಲಿ ಮಾಡಿಟ್ಟು, ಮನೆಗೆ ಬಂದು ತನ್ನ ಕಲ್ಲುಹಳದಿಯನ್ನೂ ನೀರು ಕುಡಿದು ಕುಡಿದು ನುಂಗಿದನಲ್ಲ ಈ ಮನುಷ್ಯ! ಒಂದು ಸಲವಾದರೂ ಜಗಳ ಆಡಬಾರದಿತ್ತೇ? ಇನ್ನೊಂದು ಸಲ ಮುಚ್ಚಳ ಎತ್ತಬಾರದಿತ್ತೇ? ಸೀಟಿನವಳ ಮೇಲೆ, ಮೇಸ್ತ್ರಿಯ ಮೇಲೆ, ಮಗಳ ಮೇಲೆ, ಎಲ್ಲರಿಗಿಂತ ಹೆಚ್ಚಾಗಿ ಮಣ್ಣಿನಡಿ ಮಲಗಿದವನ ಮೇಲೆ ಅವಳಿಗೆ ತಡೆಯಲಾರದ ಹೊಟ್ಟೆಕಿಚ್ಚಾಯಿತು. ಶುಕ್ರವಾರದಿಂದ ಬಾರದ ಕಣ್ಣೀರು ಈಗ ತಟ್ಟೆಗೇ ಬಿತ್ತು.

"ಹೇಗಿದೆ ಅಮ್ಮಾ?" ಎಂದಳು ಮಗಳು ಮೆಲ್ಲಗೆ.

"ಉಪ್ಪು ಕಡಿಮೆ," ಎಂದು ಅವಳು ಇನ್ನೊಂದು ಮೊಟ್ಟೆ ಬಡಿಸಿಕೊಂಡಳು.

*

ಉಂಡವರೆಲ್ಲ ತಟ್ಟೆ ತೊಳೆದಿಟ್ಟು ಹೊರಟರು. ಸೀಟಿನವಳು ಹೆಂಡತಿಯ ಎರಡೂ ಕೈ ಹಿಡಿದು ಒತ್ತಿ, ಮೆಟ್ಟಿಲಿಳಿದಳು. ಮೇಸ್ತ್ರಿ ಗೋಣಿಚೀಲ ಮಡಚಿಕೊಂಡು ಅಡುಗೆಮನೆಯ ಬಾಗಿಲಿಗೆ ಬಂದ.

"ಬಾಣಲೆ ಕೊಡ್ತೀರಾ ಅಮ್ಮಾ? ಹೊತ್ಕೊಂಡು ಹೋಗ್ತೀನಿ."

ಅವಳು ಅದನ್ನು ಆಗಲೇ ತೊಳೆದು, ಎಣ್ಣೆ ಸವರಿ, ಎದೆಗೆ ಆನಿಸಿಕೊಂಡು ನಿಂತಿದ್ದಳು. ಒಂದು ಕೈ ಚಾಚಿ ಗೋಡೆಯ ಮೊಳೆಯಿಂದ ತನ್ನದೇ ಬಾಣಲೆಯನ್ನು ಇಳಿಸಿ ಅವನ ಮುಂದೆ ಹಿಡಿದಳು. ನಾಲ್ಕು ಮೊಟ್ಟೆ ಹಿಡಿಯುವ, ತಳ ಸೊಟ್ಟಗಾದ ಬಾಣಲೆ.

"ಇದು ನಿಮ್ಮದಲ್ವಾ?" ಎಂದ ಮೇಸ್ತ್ರಿ.

"ಹಳೇದು ಕೊಟ್ರೆ ಹೊಸದು. ನಿಮ್ಮ ಸ್ಟೋರಣ್ಣನ ರೂಲು ಅದೇ ಅಲ್ವಾ?"

ಮೂವತ್ತೊಂದು ವರ್ಷ ಆ ಮಾತಿಗೆ ಎದುರಾಡಿ ಗೆದ್ದವರು ಡಿಪೋದಲ್ಲಿ ಯಾರೂ ಇರಲಿಲ್ಲ. ಮೇಸ್ತ್ರಿ ಆ ಸಣ್ಣ ಬಾಣಲೆಯನ್ನು ಚೀಲಕ್ಕೆ ಹಾಕಿಕೊಂಡು, ತಲೆ ಕೆರೆದುಕೊಳ್ಳುತ್ತ ಹೋದ.

ಅವಳು ಕದ ಮುಚ್ಚಿ ಬಂದು ಗಂಡನ ಬಾಣಲೆಯನ್ನು ಮೊಳೆಗೆ ತಗುಲಿಸಿದಳು. ಗೋಡೆಯ ಮೇಲೆ ಹಳೆಯದು ಉಳಿಸಿಹೋಗಿದ್ದ ಮಸಿಯ ದುಂಡು ಗುರುತು ಅದರ ಹಿಂದೆ ಪೂರ್ತಿ ಮುಚ್ಚಿಹೋಯಿತು. ಸುತ್ತಲೂ ನಾಲ್ಕು ಬೆರಳು ಹೆಚ್ಚೇ ಆಯಿತು. ಪಕ್ಕದ ಮೊಳೆಯ ಜರಡಿಗೆ ಜಾಗ ಸಾಲದೆ, ಅವಳು ಅದನ್ನು ತೆಗೆದು ಕೆಳಗಿಟ್ಟಳು.