ದಿಲ್ಲಿ ಚಾವಡಿಯ ನುಡಿ

ನಮ್ಮ ಎಂ.ಪಿ. ರಾಮಪ್ರಸಾದರು ಐದು ವರ್ಷ ಲೋಕಸಭೆಯಲ್ಲಿದ್ದು ಮಾಡಿದ ದೊಡ್ಡ ಕೆಲಸ ಯಾವುದೆಂದು ಕೇಳಿದರೆ ನನ್ನ ಉತ್ತರ ಒಂದೇ. ಒಂದು ಸಲ ಎದ್ದು ನಿಂತಿದ್ದರು. ಹೊಟ್ಟೆಕಿಚ್ಚಿಗೆ ಹೇಳುತ್ತಿದ್ದೇನೆಂದು ಎಣಿಸಬೇಡಿ. ಅವರ ಕಾರ್ಯದರ್ಶಿಯಾಗಿ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಅವರ ಕಾಗದ ಟೈಪು ಮಾಡಿದವನು ನಾನು, ಕಬಕದ ಚೆನ್ನಕೇಶವ. ಅವರು ಎಲ್ಲಿ ಬಾಯಿ ತೆರೆದರು, ಎಲ್ಲಿ ಮುಚ್ಚಿಕೊಂಡರು ಎಂಬುದು ಅವರ ಹೆಂಡತಿಗಿಂತ ಚೆನ್ನಾಗಿ ನನಗೆ ಗೊತ್ತು. ಈ ಕತೆಯಲ್ಲಿ ಬಾಯಿ ಮುಚ್ಚಿಕೊಂಡವನು ನಾನೂ ಹೌದು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನನ್ನು ದೊಡ್ಡ ಸತ್ಯವಂತನೆಂದು ಹೊಗಳುವುದು ಬೇಡ.

ಅರವತ್ತೆರಡನೇ ಇಸವಿ, ದೀಪಾವಳಿ ಕಳೆದು ಒಂದು ವಾರ. ಚೀನಾದವರು ಗಡಿ ದಾಟಿ ನುಗ್ಗಿದ್ದರು. ಲೋಕಸಭೆಯ ಅಧಿವೇಶನವನ್ನು ಹೇಳಿದ ದಿನಕ್ಕಿಂತ ಮೊದಲೇ ಕರೆದಿದ್ದರು. ರಾಮಪ್ರಸಾದರ ಪುತ್ತೂರಿನ ಮನೆಯಿಂದ ನಾವು ಮಂಗಳೂರಿಗೆ ಹೋಗಿ ರೈಲು ಹಿಡಿಯಬೇಕಿತ್ತು. ಪೆಟ್ಟಿಗೆಗಳನ್ನು ಕಾರಿಗೆ ಏರಿಸಿ ಆಗಿತ್ತು. ಅಷ್ಟರಲ್ಲಿ ಗೇಟಿನಿಂದ ಒಬ್ಬಳು ಹೆಂಗಸು, ಅವಳ ಹಿಂದೆ ಒಬ್ಬ ಗಂಡಸು ಬಂದರು. ಮರ್ಕಂಜದ ದೇವಮ್ಮ ಮತ್ತು ಅವರ ಹಿರಿಯ ಮಗ ಗುರುವಪ್ಪ. ಬೆಳಗಿನ ಜಾವ ಮನೆ ಬಿಟ್ಟು ಸುಳ್ಯದವರೆಗೆ ನಡೆದು, ಅಲ್ಲಿಂದ ಬಸ್ಸು ಹಿಡಿದು ಬಂದಿದ್ದರು. ಗುರುವಪ್ಪನ ಕೈಯಲ್ಲಿ ಒಂದು ತಂತಿ ಇತ್ತು. ಕಿರಿಯ ಮಗ, ಸಿಪಾಯಿ ದುಗ್ಗಪ್ಪ, ಈಶಾನ್ಯ ಗಡಿಯ ನೇಫಾದಲ್ಲಿ ಅಕ್ಟೋಬರ್ ಇಪ್ಪತ್ತರಿಂದ ಕಾಣೆಯಾಗಿದ್ದಾನೆಂದು ಅದರಲ್ಲಿತ್ತು.

"ಕಾಣೆ ಅಂದ್ರೆ ಎಂತ ಸ್ವಾಮಿ?" ಎಂದು ದೇವಮ್ಮ ಕೇಳಿದರು. "ಕರು ಕಾಣೆ ಆಗುದುಂಟು. ಅಷ್ಟು ಜನರ ಎಡೆಯಲ್ಲಿ ಒಬ್ಬ ಸಿಪಾಯಿ ಕಾಣೆ ಆಗುದು ಹೇಗೆ?"

ರಾಮಪ್ರಸಾದರು ಗಡಿಯಾರ ನೋಡಿಕೊಂಡರು. ದೇವಮ್ಮ ಅಳುತ್ತಿರಲಿಲ್ಲ. "ನಂಗೆ ಬೇರೆ ಎಂತ ಬೇಡ. ಅವ ಇದ್ದಾನಾ ಇಲ್ವಾ, ಅಷ್ಟು ಕೇಳಿ ತಿಳ್ಸಿ. ಇದ್ರೆ ಕಾಯ್ತೇನೆ. ಇಲ್ಲದಿದ್ರೆ ಒಳಗೆ ಕರೀಬೇಕು" ಎಂದರು.

ಒಳಗೆ ಕರೆಯುವುದೆಂದರೆ ಏನೆಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಬೊಜ್ಜ, ಅಂದರೆ ಉತ್ತರಕ್ರಿಯೆ, ಮುಗಿದ ಮೇಲೆ ಮನೆಯವರು ಹೊಸ್ತಿಲಲ್ಲಿ ನಿಂತು, ಸತ್ತವನ ಹೆಸರು ಹಿಡಿದು ಕರೆಯುತ್ತಾರೆ. ಬಾ, ಒಳಗೆ ಬಾ, ಹಿರಿಯರ ಜೊತೆ ಕೂತುಕೋ ಎಂದು. ಆಮೇಲೆ ಪ್ರತಿ ವರ್ಷ ಮಳೆಗಾಲದ ಆಟಿ ತಿಂಗಳಲ್ಲಿ ಹಿರಿಯರಿಗೆ ಬಡಿಸುವಾಗ ಅವನಿಗೂ ಒಂದು ಎಲೆ. ಕರೆಯದೆ ಉಳಿದವನಿಗೆ ಬದುಕಿದವರ ನಡುವೆಯೂ ಜಾಗವಿಲ್ಲ, ಸತ್ತವರ ನಡುವೆಯೂ ಇಲ್ಲ, ಅವನು ಅಂಗಳದಲ್ಲೇ ನಿಂತಿರುತ್ತಾನೆ. ಹಾಗೆಂದು ಜೀವ ಇರುವವನನ್ನು ಕರೆದರೆ ಹೆತ್ತ ಬಾಯಿಂದಲೇ ಕೊಂದ ಹಾಗೆ. ದೇವಮ್ಮನಿಗೆ ಬೇಕಾಗಿದ್ದದ್ದು ಹೌದು ಅಥವಾ ಅಲ್ಲ, ಎರಡರಲ್ಲಿ ಒಂದು.

"ಕೇಳುವಾ ಅಮ್ಮ, ಲೋಕಸಭೆಯಲ್ಲೇ ಕೇಳುವಾ" ಎಂದರು ರಾಮಪ್ರಸಾದರು. "ಚೆನ್ನಕೇಶವಾ, ಬರ್ಕೊ."

ಕಾರಿನ ಬಾನೆಟ್ಟಿನ ಮೇಲೆ ಕಾಗದ ಇಟ್ಟು ಬರೆದುಕೊಂಡೆ. ಹೆಸರು, ನಂಬರು, ಊರು. ದೇವಮ್ಮ ನನ್ನ ಕೈಯನ್ನೇ ನೋಡುತ್ತಿದ್ದರು. "ನೀವು ಕಬಕದವರಲ್ವಾ ಕೇಶವಣ್ಣ? ಮರೀಬೇಡಿ ಆಯ್ತಾ" ಎಂದರು.

ನಾನು ಮರೆಯಲಿಲ್ಲ. ರೈಲಿನಲ್ಲೇ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ನೀಟಾಗಿ ಬರೆದೆ. ದಿಲ್ಲಿಗೆ ಹೋಗಿ ನೋಡಿದರೆ ಪ್ರಶ್ನೆಯ ಸಮಯವೇ ಇಲ್ಲ. ಯುದ್ಧದ ಹೊತ್ತಿಗೆ ಅದು ಬೇಡವೆಂದು ಆಳುವವರೂ ವಿರೋಧದವರೂ ಸೇರಿ ಕೈಬಿಟ್ಟಿದ್ದರು. ಅದು ರಾಮಪ್ರಸಾದರ ತಪ್ಪಲ್ಲ. ಅದನ್ನು ಅವರ ತಲೆಗೆ ಕಟ್ಟುವಷ್ಟು ಕೆಟ್ಟವನು ನಾನಲ್ಲ.

ಆದರೆ ಕೇಳುವುದಕ್ಕೆ ಅದೊಂದೇ ದಾರಿಯಲ್ಲ. ರಕ್ಷಣಾ ಸಚಿವಾಲಯಕ್ಕೆ ಒಂದು ಕಾಗದ ಬರೆದರೆ ಸಾಕಿತ್ತು. ನಾನೇ ಟೈಪು ಮಾಡಿ ಸಹಿಗೆ ಇಟ್ಟೆ. ಮೊದಲನೇ ದಿನ "ನಾಳೆ ನೋಡುವಾ" ಎಂದರು. ಎರಡನೇ ಸಲ, "ಸಾವಿರಗಟ್ಟಲೆ ಜನ ಸಾಯುವಾಗ ಒಬ್ಬ ಸಿಪಾಯಿಯ ಹೆಸರು ಹಿಡ್ಕೊಂಡು ಹೋದ್ರೆ ದೊಡ್ಡವರು ನನ್ನನ್ನು ಎಂತ ಎಣಿಸ್ಲಿಕ್ಕಿಲ್ಲ? ಈಗ ಸರ್ಕಾರಕ್ಕೆ ಮುಜುಗರ ಮಾಡುವ ಹೊತ್ತಾ ಇದು?" ಎಂದರು. ಮೂರನೇ ಸಲ ಇಟ್ಟಾಗ ಚಹಾದ ಕಪ್ಪನ್ನು ಅದರ ಮೇಲೆ ಇಟ್ಟರು. ದುಗ್ಗಪ್ಪನ ನಂಬರಿನ ಸುತ್ತ ಚಹಾದ ಒಂದು ಉಂಗುರ ಬಿತ್ತು. ನಾಲ್ಕನೇ ಸಲ ನಾನು ಇಡಲಿಲ್ಲ. ನನಗೂ ಕೆಲಸ ಬೇಕಿತ್ತು.

ಅದೇ ತಿಂಗಳು ಒಂದು ದಿನ ಲೋಕಸಭೆಯ ಸದಸ್ಯರೆಲ್ಲ ಎದ್ದು ನಿಂತು, ಶತ್ರುವನ್ನು ಓಡಿಸದೆ ವಿರಮಿಸುವುದಿಲ್ಲವೆಂದು ಠರಾವು ಪಾಸು ಮಾಡಿದರು. ಆ ಸಂಜೆ ರಾಮಪ್ರಸಾದರು ಬಂಗಲೆಗೆ ಬಂದಾಗ ಮುಖ ಕೆಂಪೇರಿತ್ತು. "ಇಡೀ ಸಭೆ ನಿಂತಿತು ಮಾರಾಯ! ನಾನೂ ನಿಂತೆ!" ಎಂದರು. ಕಣ್ಣಲ್ಲಿ ನೀರಿತ್ತು, ಅದು ನಿಜವಾದ ನೀರು. ಜನರಿಗೆ ಇಂಥ ಕಣ್ಣೀರು ಬಹಳ ಸುಲಭವಾಗಿ ಬರುತ್ತದೆ ಎಂದು ಆಗ ನನಗೆ ಗೊತ್ತಿರಲಿಲ್ಲ.

ಜನವರಿಯಲ್ಲಿ ಊರಿಗೆ ಬಂದು ಸಭೆಗಳನ್ನು ಮಾಡತೊಡಗಿದರು. ಹೋದಲ್ಲೆಲ್ಲ ಎದ್ದು ನಿಂತ ಕತೆಯೇ. ಪುತ್ತೂರಿನಲ್ಲಿ ಚಪ್ಪಾಳೆ ಬಿತ್ತು. ಕಡಬದಲ್ಲಿ ಕೂಸಪ್ಪ ಎಂಬ ಒಬ್ಬ ಮುದುಕ ಎದುರು ಸಾಲಿನಿಂದಲೇ, "ಎಂತಕ್ಕೆ ನಿಂತದ್ದು ಮಾರಾಯ್ರೆ, ಕುರ್ಚಿ ಸಾಕಾಗ್ಲಿಲ್ವಾ?" ಎಂದುಬಿಟ್ಟ. ಸಭೆಗೆ ಸಭೆಯೇ ನಕ್ಕಿತು. ಸುಳ್ಯದಲ್ಲಿ ಜೀಪಿನಿಂದ ಇಳಿಯುವಾಗ ರಾಮಪ್ರಸಾದರು, "ಈ ಜನಕ್ಕೆ ಎಂತಾದ್ರೂ ಗಟ್ಟಿದು ಕೊಡ್ಬೇಕು" ಎಂದರು.

ಸುಳ್ಯದ ಸಭೆಯಲ್ಲಿ ದೇವಮ್ಮ ಕಾಯುತ್ತಿದ್ದರು. ರಾಮಪ್ರಸಾದರು ಮೈಕಿನ ಮುಂದೆ ನಿಂತ ಕೂಡಲೇ ಹೆಂಗಸರ ಕಡೆಯಿಂದ ಎದ್ದು ವೇದಿಕೆಯ ಬುಡಕ್ಕೆ ಬಂದರು. "ಸ್ವಾಮೀ, ನನ್ನ ದುಗ್ಗಪ್ಪನನ್ನು ಕೇಳ್ತೇನೆ ಅಂದಿದ್ರಿ" ಎಂದರು.

ರಾಮಪ್ರಸಾದರು ಬಾಗಿ ನನ್ನ ಕಿವಿಯಲ್ಲಿ "ಯಾವುದದು?" ಎಂದು ಕೇಳಿದರು. ನಾನು ಹೇಳಿದೆ. ಅವರು ನೆಟ್ಟಗಾದರು. ಕಡಬದ ನಗು ಇನ್ನೂ ಕಿವಿಯಲ್ಲಿ ಇದ್ದಿರಬೇಕು. ಮೈಕಿಗೆ ಬಾಯಿ ಹತ್ತಿರ ಮಾಡಿ, "ಬಂಧುಗಳೇ, ಈ ತಾಯಿಯ ಮಗನ ಬಗ್ಗೆ ನಾನು ಲೋಕಸಭೆಯಲ್ಲಿ ಕೇಳಿದ್ದೇನೆ. ಉತ್ತರ ಬಂದಿದೆ. ನಮ್ಮ ವೀರರು ಸೆರೆಯಲ್ಲಿದ್ದಾರೆ. ಬಂದೇ ಬರುತ್ತಾರೆ!" ಎಂದರು.

ಜನ ಕೂಗಿ ಕುಣಿದರು. ದೇವಮ್ಮ ಅಲುಗಲಿಲ್ಲ. "ದುಗ್ಗಪ್ಪನ ಹೆಸರು ಉಂಟಾ ಅದರಲ್ಲಿ?" ಎಂದು ಕೇಳಿದರು.

"ಉಂಟು" ಎಂದರು ರಾಮಪ್ರಸಾದರು.

ಆ ಹೆಂಗಸಿಗೆ ಅಷ್ಟೂ ಸಾಲಲಿಲ್ಲ. ದೊಡ್ಡವರ ಮಾತನ್ನು ಪೂರ್ತಿ ನಂಬುವವರಲ್ಲ ಅವರು. ನನ್ನ ಕಡೆ ತಿರುಗಿ, "ಹೌದಾ ಕೇಶವಣ್ಣ?" ಎಂದರು. ಮೈಕು, ಜನ, ರಾಮಪ್ರಸಾದರ ಕಣ್ಣು. ನಾನು ತಲೆ ಆಡಿಸಿದೆ. ಬಾಯಲ್ಲಿಯೂ ಹೇಳಿದೆ, "ಹೌದಮ್ಮ."

ಮುಂದಿನ ವಾರಕ್ಕೆ ಗುರುವಪ್ಪ ಬೊಜ್ಜದ ದಿನ ನೋಡಿಟ್ಟಿದ್ದನಂತೆ. ದೇವಮ್ಮ ಅದನ್ನು ನಿಲ್ಲಿಸಿದರು.

ಸೆರೆಯಲ್ಲಿದ್ದವರು ಮೇ ತಿಂಗಳ ಒಳಗೆ ತಿರುಗಿ ಬಂದರು. ದುಗ್ಗಪ್ಪ ಬರಲಿಲ್ಲ. ಆಟಿಯ ಹೊತ್ತಿಗೆ ಸೈನ್ಯದಿಂದ ಕಾಗದ ಬಂತು, ಮೃತನಾಗಿದ್ದಾನೆಂದು ಭಾವಿಸಲಾಗಿದೆ ಎಂದು. ಗುರುವಪ್ಪ ಅದನ್ನು ಹಿಡಿದುಕೊಂಡು ಪುತ್ತೂರಿಗೆ ನನ್ನ ಹತ್ತಿರ ಓಡಿಬಂದ. ಅವನ ತಂಗಿ ಕಮಲಾವತಿಗೆ ಒಳ್ಳೆಯ ಸಂಬಂಧ ಕೂಡಿಬಂದಿತ್ತು. ದುಗ್ಗಪ್ಪನ ವಿಷಯ ಇತ್ಯರ್ಥವಾಗದೆ ಮನೆಯಲ್ಲಿ ಮದುವೆಯ ಚಪ್ಪರ ಹಾಕುವ ಹಾಗಿರಲಿಲ್ಲ.

"ಅಮ್ಮ ಒಪ್ಪುದಿಲ್ಲ" ಎಂದ ಅವನು. "ಭಾವಿಸಲಾಗಿದೆ ಅಂದ್ರೆ ಅವರಿಗೂ ಗೊತ್ತಿಲ್ಲ ಅಂತ ಲೆಕ್ಕ ಅಂತಾರೆ. ಚಾವಡಿಯಲ್ಲಿ ದೈವ ನುಡಿ ಕೊಟ್ಟ ಮೇಲೆ ತಪ್ಪುದುಂಟಾ, ಇದು ದಿಲ್ಲಿಯ ಚಾವಡಿ, ಅಷ್ಟು ಜನ ಕೂತಲ್ಲಿ ಹೆಸರು ಹೇಳಿದ್ದಾರೆ, ಕೇಶವಣ್ಣನೂ ಹೌದು ಅಂದಿದ್ದಾರೆ ಅಂತಾರೆ. ನೀವು ಒಂದು ಸರ್ತಿ ಬಂದು ನಿಜ ಎಂತ ಅಂತ ಹೇಳಿ. ನಿಮ್ಮ ಮಾತು ಕೇಳ್ತಾರೆ."

ನಾನು "ನಾಡಿದ್ದು ಬರ್ತೇನೆ" ಎಂದೆ. ಹೋಗಲಿಲ್ಲ. ಹೋದರೆ ಎಂ.ಪಿ. ಸುಳ್ಳು ಹೇಳಿದರೆಂದು ಹೇಳಬೇಕಿತ್ತು, ನನ್ನ ಅನ್ನಕ್ಕೆ ಕಲ್ಲು ಬೀಳುತ್ತಿತ್ತು. ಕಮಲಾವತಿಯ ಸಂಬಂಧ ತಪ್ಪಿತೆಂದು ಆಮೇಲೆ ಯಾರೋ ಬಸ್ಸಿನಲ್ಲಿ ಹೇಳಿದರು. ಆ ದಿನ ಮಧ್ಯಾಹ್ನ ನಾನು ಎಂದಿನಂತೆ ಉಂಡೆ.

ಅರವತ್ತೈದರಲ್ಲಿ ಇನ್ನೊಂದು ಯುದ್ಧ ಬಂತು. ರಾಮಪ್ರಸಾದರು ಮತ್ತೆ ಸಭೆಗಳನ್ನು ಮಾಡಿದರು. ನಾನು ಮತ್ತೆ ಭಾಷಣ ಬರೆದುಕೊಟ್ಟೆ. ಅರವತ್ತಾರರಲ್ಲಿ ಅವರ ಸೋದರಳಿಯನಿಗೆ ಟೈಪು ಮಾಡಲು ಬಂತು, ನನ್ನನ್ನು ಮನೆಗೆ ಕಳಿಸಿದರು. ಆಗ ನನಗೆ ನ್ಯಾಯ, ಸತ್ಯ ಎಲ್ಲ ಒಟ್ಟಿಗೆ ನೆನಪಾದವು.

ಮುಂದಿನ ಚುನಾವಣೆಗೆ ಎದುರು ನಿಂತವರು ತ್ಯಾಂಪಣ್ಣನವರು. ನಾನು ಅವರ ಹತ್ತಿರ ಹೋಗಿ ದುಗ್ಗಪ್ಪನ ಕತೆ ಹೇಳಿದೆ. ಅವರು ತೊಡೆ ತಟ್ಟಿಕೊಂಡು, "ಆ ಹೆಂಗಸನ್ನು ಸುಳ್ಯದ ಸಭೆಗೆ ಕರ್ಕೊಂಡು ಬಾ. ಎರಡು ಮಾತು ಆಡಿದ್ರೆ ಸಾಕು, ರಾಮಪ್ರಸಾದನ ಕತೆ ಮುಗೀತು" ಎಂದರು. ಜೀಪು ಕೊಟ್ಟರು. ಹೀಗೆ ನಾಲ್ಕು ವರ್ಷ ತಡವಾಗಿ, ಬೇರೆಯವರ ಜೀಪಿನಲ್ಲಿ, ನಾನು ಮರ್ಕಂಜಕ್ಕೆ ಸತ್ಯ ಹೇಳಲು ಹೋದೆ.

ಜೀಪನ್ನು ರಸ್ತೆಯಲ್ಲಿ ನಿಲ್ಲಿಸಿ ಹಳ್ಳದ ಮೇಲಿನ ಸಂಕ ದಾಟಿ ಮನೆಗೆ ಹೋದಾಗ ಹೊತ್ತು ನೆತ್ತಿಗೆ ಬಂದಿತ್ತು. ದೇವಮ್ಮ ಬಹಳ ಇಳಿದುಹೋಗಿದ್ದರು. ನನ್ನ ಗುರುತು ಮಾತ್ರ ಕೂಡಲೇ ಸಿಕ್ಕಿತು. "ಬನ್ನಿ ಕೇಶವಣ್ಣ" ಎಂದು ಜಗಲಿಯಲ್ಲಿ ಬಾಗಿಲ ಎದುರಿಗೇ ಚಾಪೆ ಹಾಸಿದರು. ನೀರು, ಬೆಲ್ಲ ತಂದಿಟ್ಟರು. "ಸುದ್ದಿ ಬಂತಾ?" ಎಂದು ಕೇಳಿದರು.

ನಾನು ಹೇಳಿದೆ. ಕಾಗದ ಟೈಪು ಮಾಡಿದ್ದು, ಸಹಿ ಆಗದ್ದು, ಮೈಕಿನಲ್ಲಿ ಹೇಳಿದ್ದು ಸುಳ್ಳೆಂಬುದು, ನನ್ನ ಹೌದು ಕೂಡ ಸುಳ್ಳೆಂಬುದು. ಹೇಳುವಾಗ ಅವರು ಬೈಯಲಿ, ಕಿರುಚಲಿ ಎಂದು ಕಾದೆ. ಗುರುವಪ್ಪ ಕಂಬ ಹಿಡಿದುಕೊಂಡು ನಿಂತಿದ್ದ.

"ಕೇಳ್ಲೇ ಇಲ್ವಾ?" ಎಂದರು ದೇವಮ್ಮ.

"ಇಲ್ಲಮ್ಮ."

"ಅಷ್ಟು ಜನ ಇದ್ರಲ್ಲ. ಒಬ್ಬರೂ ಕೇಳ್ಲಿಲ್ವಾ?"

"ಇಲ್ಲ."

"ಕಾಗದಕ್ಕೆ ಸಹಿ ಹಾಕ್ಲಿಕ್ಕೆ ಎಷ್ಟು ಹೊತ್ತು ಬೇಕಿತ್ತು?"

ರಸ್ತೆಯಿಂದ ಜೀಪಿನ ಹಾರ್ನು ಕೇಳಿಸಿತು. ಆ ಹಾರ್ನಿಗೆ ಹೆದರಿ, ನಾಚಿಕೆ ಬಿಟ್ಟು, ಬಂದ ಕೆಲಸ ಹೇಳಿದೆ. "ನಾಡಿದ್ದು ಸುಳ್ಯದಲ್ಲಿ ಸಭೆ ಉಂಟಮ್ಮ. ನೀವು ಬಂದು ಎರಡು ಮಾತು ಹೇಳಿದ್ರೆ ರಾಮಪ್ರಸಾದರಿಗೆ ತಕ್ಕ ಶಾಸ್ತಿ ಆಗ್ತದೆ."

ಅವರಿಗೆ ಕೇಳಿಸಿತೋ ಇಲ್ಲವೋ. ಮಗನ ಕಡೆ ತಿರುಗಿದರು. "ನಾಲ್ಕು ಆಟಿ ಹೋಯ್ತಲ್ಲ ಗುರುವಾ. ಅಪ್ಪನಿಗೆ ಬಡಿಸಿದೆ, ಅಜ್ಜನಿಗೆ ಬಡಿಸಿದೆ, ಎಲ್ಲರಿಗೂ ಬಡಿಸಿದೆ. ಅವನಿಗೆ ಬಡಿಸ್ಲಿಲ್ಲ. ಇಲ್ಲೇ ಅಂಗಳದಲ್ಲಿ ನಿಂತು ನೋಡಿರ್ತಾನೆ. ಅಮ್ಮ ಯಾಕೆ ಕರೆಯುದಿಲ್ಲ ಅಂತ ಎಣಿಸಿರ್ತಾನೆ."

ಹೇಳುತ್ತ ಹೇಳುತ್ತ ಎದ್ದು ಒಳಗೆ ಹೋದರು. ಪಾತ್ರೆಯ ಸದ್ದಾಯಿತು. ಗುರುವಪ್ಪ ಹಿಂದೆಯೇ ಹೋಗಿ, "ಅಮ್ಮಾ, ಬೊಜ್ಜ ಆಗ್ಬೇಕು, ಜನ ಸೇರ್ಬೇಕು, ಕರೆಯುದಕ್ಕೆ ದಿನ ನೋಡ್ಬೇಕು" ಎಂದ.

"ಅದೆಲ್ಲ ಆಮೇಲೆ ಮಾಡು. ಹಸಿದವನಿಗೆ ಎಂತ ದಿನ ನೋಡುದು?"

ನಡುಮನೆಯಲ್ಲಿ ಎಲೆ ಹಾಕಿದರು. ನಾನು ಕೂತಲ್ಲಿಗೆ ಕಾಣುತ್ತಿತ್ತು. ಕುಚ್ಚಲಕ್ಕಿಯ ಬಿಸಿ ಅನ್ನ, ಬಸಳೆ ಪದಾರ್ಥ, ಒಂದು ಲೋಟ ನೀರು. ಅಂದಿನ ಮಧ್ಯಾಹ್ನಕ್ಕೆ ಮನೆಯಲ್ಲಿ ಇದ್ದದ್ದು ಅಷ್ಟೇ. ದೀಪ ಹಚ್ಚಿದರು. ಸೆರಗಿನಿಂದ ಮುಖ ಒರೆಸಿಕೊಂಡು ಹೊಸ್ತಿಲಿಗೆ ಬಂದು ನಿಂತರು, ಅಂಗಳದ ಕಡೆ ಮುಖ ಮಾಡಿ. ಕರೆಯಲು ಬಾಯಿ ತೆರೆದವರು ತಡೆದು, ಆಗ ಮತ್ತೆ ನನ್ನನ್ನು ನೋಡಿದರು.

"ಕೇಶವಣ್ಣ, ನೀವು ಸ್ವಲ್ಪ ಆಚೆ ಹೋಗಿ. ಅವನಿಗೆ ಬರ್ಲಿಕ್ಕೆ ದಾರಿ ಬೇಕು" ಎಂದರು.

ಬೈಗುಳವಲ್ಲ, ಕೋಪವೂ ಇರಲಿಲ್ಲ. ನಿಜವಾಗಿಯೂ ನಾನು ದಾರಿಗೆ ಅಡ್ಡ ಕೂತಿದ್ದೆ. ಚಾಪೆಯಿಂದ ಎದ್ದು, ಬೆಲ್ಲದ ತಟ್ಟೆಯನ್ನು ಬದಿಗೆ ಸರಿಸಿ, ಗೋಡೆಯ ಪಕ್ಕದಿಂದ ಅಂಗಳಕ್ಕೆ ಇಳಿದೆ.