ಗೆರೆಯಾಚೆಯ ಒಗ್ಗರಣೆ

ನಮ್ಮ ಖಾನಾವಳಿಯ ಹಿತ್ತಿಲಲ್ಲಿ ಒಂದು ಸುಣ್ಣದ ಗೆರೆ ಇತ್ತು. ಗೆರೆಯ ಆಚೆ ಕರಿಬೇವಿನ ಮರ, ಈಚೆ ಅಡುಗೆಮನೆ. ಗಾಳಿ ಬೀಸಿದಾಗ ಎಲೆಗಳು ಯಾರ ಅಪ್ಪಣೆಯನ್ನೂ ಕೇಳದೆ ಈಚೆಗೆ ಬಂದು ಬೀಳುತ್ತಿದ್ದವು.

ಆ ದ್ವೀಪ ಕಡಲಾಚೆಯ ಯುರೋಪಿನ ದೇಶವೊಂದಕ್ಕೆ ಸೇರಿತ್ತು. ಗೆರೆಯ ಎರಡೂ ಕಡೆ ಒಂದೇ ಬಾವುಟ. ಆದರೆ ನಮ್ಮ ಕಡೆ ಮಾತ್ರ ಯುರೋಪಿನ ಒಕ್ಕೂಟದ ಮಾರುಕಟ್ಟೆಯ ಒಳಗೆ, ಆಚೆ ಕಡೆ ಹೊರಗೆ. ಸೊಸೆಯಾಗಿ ಬಂದ ಹೊಸದರಲ್ಲಿ ನನಗೆ ಇದು ತಲೆಗೇ ಹೋಗಲಿಲ್ಲ. ಆಮೇಲೆ ಹೋಯಿತು. ನಾನೂ ಆ ಮನೆಗೇ ಸೇರಿದವಳು, ಆದರೂ ಒಲೆಯ ಮುಂದೆ ನನ್ನ ಮಾತು ನಡೆಯುತ್ತಿರಲಿಲ್ಲ.

ಒಲೆ ನಮ್ಮತ್ತೆ ತುಂಗಮ್ಮನವರದು. ಬಂದರಿನ ಜನ ಬರುತ್ತಿದ್ದುದೇ ಆ ಮರದ ಕರಿಬೇವಿನ ಒಗ್ಗರಣೆ ಬಿದ್ದ ಅವರ ಸಾರಿಗಾಗಿ. ಸಾರು ನಿಂತರೆ ಖಾನಾವಳಿಯೂ ನಿಂತಂತೆ. ಹೀಗಿರುವಾಗ ಸುಂಕದ ಕಚೇರಿಗೆ ಲೂಯಿ ಹೆಗ್ಡೆ ಎಂಬ ಹೊಸ ಅಧಿಕಾರಿ ಬಂದರು. ಅವರ ಮುತ್ತಜ್ಜ ಕನ್ನಡ ನಾಡಿನವನಂತೆ. ಕನ್ನಡ ಉಳಿದಿತ್ತು, ದಾಕ್ಷಿಣ್ಯ ಉಳಿದಿರಲಿಲ್ಲ.

"ಅಮ್ಮ, ಆಚೆಯ ಹಸಿ ಎಲೆ ಈಚೆಗೆ ತರೋ ಹಾಗಿಲ್ಲ. ಇಲ್ಲಿನ ಗಿಡಗಳಿಗೆ ರೋಗ ಬರುತ್ತೆ ಅಂತ ಕಾನೂನು" ಎಂದರು.

"ಎಲೆ ಬರಬಾರದು, ಅಷ್ಟೇ ತಾನೆ ಲೂಯಪ್ಪ? ಸಾರೇ ಅಲ್ಲಿಗೆ ಹೋಗುತ್ತೆ ಬಿಡು" ಎಂದರು ಅತ್ತೆ.

ಮರುದಿನ ಮರದ ಬುಡದಲ್ಲಿ ಪುಟ್ಟ ಒಲೆ ಎದ್ದಿತು. ನಾನೂ ಮಾವನವರೂ ಸಾರಿನ ಪಾತ್ರೆ ಹೊತ್ತು ಗೆರೆ ದಾಟುವುದು, ಅತ್ತೆ ಅಲ್ಲಿ ಒಗ್ಗರಣೆ ಚುಂಯ್ ಎನ್ನಿಸುವುದು, ಮತ್ತೆ ಹೊತ್ತು ತರುವುದು. ಗೆದ್ದೆವೆಂದು ಮಾವ ಮೀಸೆ ತಿರುವಿದರು.

ಅಷ್ಟರಲ್ಲಿ ಲೂಯಿ ಹೆಗ್ಡೆ ಮತ್ತೆ ಬಂದು ಪಾತ್ರೆಯನ್ನು ಗೆರೆಯ ಮೇಲೆಯೇ ತಡೆದರು.

"ಸುಂಕದ ಲೆಕ್ಕದಲ್ಲಿ ಒಂದು ಪದಾರ್ಥ ಕೊನೆಗೆ ಎಲ್ಲಿ ಬದಲಾಗಿ ಬೇರೆಯೇ ಆಗುತ್ತೋ ಅದೇ ಅದರ ಊರು. ಒಗ್ಗರಣೆಯಿಂದ ಇದು ಬೇರೆ ಆಗಿದ್ದರೆ ಹೊರಗಿನ ಸಾರು, ಒಳಗೆ ಬಿಡೋಲ್ಲ. ಅಂಥದ್ದೇನೂ ಆಗಲಿಲ್ಲ ಅಂತ ಒಂದು ಮಾತು ಹೇಳಿಬಿಡಿ ಅಮ್ಮ, ನಾನು ಹೋಗ್ತೀನಿ."

ಒಳಗೆ ಜನ ತಟ್ಟೆಯ ಮುಂದೆ ಕೂತಿದ್ದರು. ಮಾವ ಕಣ್ಸನ್ನೆ ಮಾಡಿದರು, ನಾನು ಅತ್ತೆಯ ಸೆರಗು ಜಗ್ಗಿದೆ. ಅವರ ಕಣ್ಣಲ್ಲಿ ನೀರು ಬಂತು.

"ಆಗೋಲ್ಲಪ್ಪ. ಒಗ್ಗರಣೆ ಬೀಳೋವರೆಗೆ ಅದು ಬೇಳೆ ಬೆಂದ ನೀರು. ಬಿದ್ದ ಮೇಲೇ ಸಾರು. ಬೇಕಾದರೆ ಬಾಗಿಲು ಹಾಕಿಸು, ಈ ಸುಳ್ಳು ಮಾತ್ರ ನನ್ನ ಬಾಯಲ್ಲಿ ಬರೋಲ್ಲ."

"ಹಾಗಾದರೆ ಇದು ಹೊರಗಿನದು" ಎಂದರು ಲೂಯಿ ಹೆಗ್ಡೆ, ಸಣ್ಣ ದನಿಯಲ್ಲಿ.

ಮಾವ ತಲೆಯ ಮೇಲೆ ಕೈಹೊತ್ತು ಕೂತರು. ನನಗೋ ಅತ್ತೆಯ ಮೇಲೆ ಎಲ್ಲಿಲ್ಲದ ಸಿಟ್ಟು, ಅದರ ಜೊತೆಗೇ ಹೆಮ್ಮೆ. ಆಗ ಬಂದರಿನ ಹಮಾಲನೊಬ್ಬ ಅನ್ನದ ತಟ್ಟೆ ಹಿಡಿದು ಹೊರಬಂದ.

"ಸಾರು ಬರೋ ಹಾಗಿಲ್ಲ ಅಂದ್ರೆ ಅನ್ನ ಹೋಗಬಹುದಲ್ಲ?" ಎಂದು ಗೆರೆ ದಾಟಿದ.

ಹೊರಗೆ ಹೋಗುವ ಅನ್ನವನ್ನು ತಡೆಯುವ ಕಾನೂನು ಲೂಯಿ ಹೆಗ್ಡೆಯವರ ಹತ್ತಿರ ಇರಲಿಲ್ಲ. ನೋಡನೋಡುತ್ತಿದ್ದಂತೆ ಇಡೀ ಖಾನಾವಳಿ ಮರದಡಿಗೆ ಬಂತು. ಲೂಯಿ ಹೆಗ್ಡೆ ಬಹಳ ಹೊತ್ತು ಗೆರೆಯ ಹತ್ತಿರವೇ ನಿಂತು ಒಗ್ಗರಣೆಯ ಘಮ ಕುಡಿದರು. ಕೊನೆಗೆ ಟೋಪಿ ತೆಗೆದು ಈಚೆಯ ಕಲ್ಲಿನ ಮೇಲಿಟ್ಟು ಆಚೆಗೆ ಕಾಲಿಟ್ಟರು. ಅತ್ತೆ ಅವರಿಗೂ ಬಡಿಸಿದರು.

ಉಂಡು ಹಿಂತಿರುಗುವಾಗ ಅವರ ಹೆಗಲ ಮೇಲೊಂದು ಕರಿಬೇವಿನ ಎಲೆ ಇತ್ತು. ಅದನ್ನು ತೆಗೆದು, ಬಗ್ಗಿ, ಗೆರೆಯ ಆಚೆ ಇಟ್ಟರು. ಅವರು ಟೋಪಿ ಹಾಕಿಕೊಳ್ಳುವಷ್ಟರಲ್ಲಿ ಗಾಳಿ ಬೀಸಿ, ಅದು ಮತ್ತೆ ಈಚೆಗೆ ಬಂದು ಬಿದ್ದಿತ್ತು.