ಕಪ್ಪೆಯ ಬೆಲೆ

ಎಲ್ಲಿಂದ ಶುರುಮಾಡಲಿ? ಆಕ್ಸಿಜನ್ ಸಿಲಿಂಡರಿನಿಂದ ಶುರುಮಾಡಿದರೆ ನೀವು ಮೊದಲ ಸಾಲಿಗೇ ಅಯ್ಯೋ ಪಾಪ ಅಂದುಬಿಡುತ್ತೀರಿ. ಚದುರಂಗದಿಂದ ಶುರುಮಾಡಿದರೆ ಅರ್ಧ ಜನ ಎದ್ದು ಹೋಗುತ್ತೀರಿ. (ಮೊದಲ ಡ್ರಾಫ್ಟಿನಲ್ಲಿ ಕಪ್ಪೆಯೇ ಕಥೆ ಹೇಳುತ್ತಿತ್ತು. ಹರಿದು ಹಾಕಿದೆ.)

೧.

ನನ್ನ ಕಥೆಯಲ್ಲಿ ಒಬ್ಬ ಅಣ್ಣ, ಒಬ್ಬಳು ತಂಗಿ. ಅಣ್ಣ ಮರ ಕಡೆಯುವವನು. ಇಪ್ಪತ್ತೆರಡು ವರ್ಷ ಲೇತ್ ಮುಂದೆ ನಿಂತು ಕುರ್ಚಿಕಾಲು ಕಡೆದು, ಅದರ ಧೂಳನ್ನೇ ಉಸಿರಾಡಿ, ಈಗ ಹಾಸಿಗೆ ಹಿಡಿದಿದ್ದಾನೆ. ಡಾಕ್ಟರು ಎರಡು ವಾರ ಎಂದಿದ್ದಾರೆ. ಅವನದು ಅಂತ ಉಳಿಯುವುದು ಒಂದೇ: ಚದುರಂಗಕ್ಕೆ ಅವನು ಸೇರಿಸಿದ ಹೊಸ ಕಾಯಿ, ಕಪ್ಪೆ. ಪಕ್ಕದಲ್ಲಿ ಯಾವುದಾದರೂ ಕಾಯಿ ಇದ್ದರೆ ಅದರ ತಲೆಯ ಮೇಲಿಂದ ಹಾರಿ ಆಚೆ ಮನೆಗೆ ಬೀಳುತ್ತದೆ; ಅಲ್ಲಿ ಎದುರಾಳಿಯ ಕಾಯಿ ಇದ್ದರೆ ಹೊಡೆಯುತ್ತದೆ. ಪಕ್ಕದಲ್ಲಿ ಯಾರೂ ಇಲ್ಲದಿದ್ದರೆ ಕೂತಲ್ಲೇ ಕೂತಿರುತ್ತದೆ.

(ಇಲ್ಲೊಂದು ರೂಪಕ ಬಾಯಿ ತೆರೆದು ಕಾಯುತ್ತಿದೆ. ಅದಕ್ಕೆ ಏನೂ ಹಾಕುವುದಿಲ್ಲ.)

೨.

ಹೊಸ ಕಾಯಿಗೆ ಬೆಲೆ ಕಟ್ಟುವುದು ಹೇಗೆ? ಕಾಲಾಳಿಗೆ ಒಂದು, ಕುದುರೆಗೆ ಮೂರು, ಆನೆಗೆ ಐದು. ಇದು ಎಲ್ಲರಿಗೂ ಗೊತ್ತು. ಹೊಸ ಕಾಯಿಯನ್ನು ಖಾಲಿ ಮಣೆಯ ಮೇಲಿಟ್ಟು ಎಷ್ಟು ಮನೆಗೆ ಹೋಗಬಲ್ಲದೆಂದು ಎಣಿಸುತ್ತಾರೆ. ಹಾಗೆಣಿಸಿ, ವಿಚಿತ್ರ ಚದುರಂಗಗಳ ಪತ್ರಿಕೆಯೊಂದರ ಸಂಪಾದಕರು ಬರೆದರು: ನಿಮ್ಮ ಕಪ್ಪೆಯ ಬೆಲೆ ಸೊನ್ನೆ.

"ಖಾಲಿ ಮಣೆ ಮೇಲೆ ಒಂಟಿಯಾಗಿ ಕೂರಿಸಿದ್ರೆ ಯಾರ ಬೆಲೆ ತಾನೆ ಗೊತ್ತಾಗತ್ತೆ?" ಅಂದ ಅಣ್ಣ.

ಇನ್ನೊಂದು ದಾರಿಯಿತ್ತು. ಒಬ್ಬರಿಗೆ ಎರಡು ಕುದುರೆ, ಇನ್ನೊಬ್ಬರಿಗೆ ಅವುಗಳ ಬದಲು ಎರಡು ಕಪ್ಪೆ. ನೂರು ಆಟ ಆಡಿ ಯಾರು ಹೆಚ್ಚು ಗೆದ್ದರೆಂದು ನೋಡುವುದು. ಪಟ್ಟಿ ಕಳಿಸಿದರೆ ಅಣ್ಣನ ಹೆಸರಿನಲ್ಲೇ ಕಪ್ಪೆಯನ್ನು ಅಚ್ಚು ಹಾಕುವುದಾಗಿ ಸಂಪಾದಕರು ಒಪ್ಪಿದರು. ಕಪ್ಪೆ ಅಣ್ಣನಿಗೆ, ಕುದುರೆ ತಂಗಿಗೆ.

ಮೊದಲ ಮೂವತ್ತು ಆಟದಲ್ಲಿ ಕಪ್ಪೆ ಗೆದ್ದದ್ದು ಒಂಬತ್ತು. ಅಷ್ಟರಲ್ಲಿ ಅಣ್ಣ ಹಾಸಿಗೆ ಹಿಡಿದ. ಮಲಗಿದ ಮೇಲಿನ ಅರವತ್ತೊಂಬತ್ತರಲ್ಲಿ ಗೆದ್ದದ್ದು ಐವತ್ತಮೂರು.

ಅರ್ಥವಾಯಿತಲ್ಲ? ಕುದುರೆಯಿಂದ ಕಪ್ಪೆಯನ್ನು ಹೊಡೆಯಬಹುದಾದ ಕಡೆಯಲ್ಲೆಲ್ಲ ತಂಗಿ ಕಿಟಕಿಯಾಚೆ ನೋಡಿದಳು. ಔಷಧದ ಮಂಪರಿನಲ್ಲಿ ಅಣ್ಣ ನಕ್ಕ: "ನೋಡ್ದ್ಯಾ ನನ್ನ ಕಪ್ಪೆನ?"

೩.

"ಸಾಯೋನು ಒಂದೆರಡು ಆಟ ಗೆದ್ರೆ ನಿಮ್ಮ ಗಂಟೇನು ಹೋಗತ್ತೆ?" ಎಂದು ತಂಗಿ ಕಥೆ ಬರೆಯುತ್ತಿರುವ ನನ್ನ ಮೇಲೇ ಬಂದಳು.

"ಪಟ್ಟಿ ಸುಳ್ಳಾಯ್ತಲ್ಲಮ್ಮ."

"ಆ ಕಿಟಕಿ ಅಲ್ಲಿಟ್ಟಿದ್ದು ಯಾರು?"

(ನಾನೇ. ರೂಮಿಗೆ ಬೆಳಕು ಬರಲಿ ಅಂತ.)

ಅಣ್ಣನದು ಬೇರೆ ತಕರಾರು. "ಮೇಡಂ, ನನ್ನನ್ನ ಯಾವ ಪ್ಯಾರಾದಲ್ಲಿ ಸಾಯಿಸ್ತೀರಿ ಅಂತ ಮೊದಲೇ ಹೇಳಿ. ನೂರನೇ ಆಟ ಬಾಕಿ ಇದೆ."

ಒಂದು ಅಂತ್ಯ: ತಂಗಿ ಎಲ್ಲವನ್ನೂ ಹೇಳಿಬಿಡುತ್ತಾಳೆ. ಅಣ್ಣ ಗೋಡೆಯ ಕಡೆ ತಿರುಗುತ್ತಾನೆ. ಮತ್ತೆ ಈ ಕಡೆ ತಿರುಗುವುದಿಲ್ಲ.

ಬೇಡವೇ? ಹೇಳುವುದಿಲ್ಲ ಅಂತಿಟ್ಟುಕೊಳ್ಳಿ. ಪಟ್ಟಿ ಅಚ್ಚಾಗುತ್ತದೆ. ಅಣ್ಣ ಹೋದ ಮೇಲೆ ಗುರುತಿಲ್ಲದ ಯಾರೋ ಇನ್ನೂರು ಆಟ ಆಡಿ, ಕಪ್ಪೆ ಎರಡು ಅಂಕಕ್ಕೂ ಬಾಳುವುದಿಲ್ಲ ಎಂದು ತಮಾಷೆಯ ಪತ್ರ ಬರೆಯುತ್ತಾರೆ. ಅದೂ ಅವನ ಹೆಸರಿನ ಕೆಳಗೇ ಅಚ್ಚಾಗುತ್ತದೆ.

ಅಣ್ಣನಿಗೆ ಮೊದಲಿನಿಂದಲೂ ಗೊತ್ತಿತ್ತು, ಇಬ್ಬರೂ ಅಳುತ್ತಾ ನಗುತ್ತಾರೆ ಎಂಬ ಅಂತ್ಯವೂ ಒಂದಿತ್ತು. (ಹೊಡೆದು ಹಾಕಿದೆ. ಅಷ್ಟು ಸಕ್ಕರೆ ನನಗೇ ಇಳಿಯಲಿಲ್ಲ.)

೪.

ಮಧ್ಯಾಹ್ನ. ನೂರನೆಯ ಆಟ. ಲಕೋಟೆಗೆ ಸ್ಟ್ಯಾಂಪ್ ಹಚ್ಚಿಯಾಗಿದೆ; ಪಟ್ಟಿಯಲ್ಲಿ ಒಂದೇ ಸಾಲು ಖಾಲಿ.

"ಪುಟ್ಟಿ, ಇದೊಂದು ಸರಿಯಾಗಿ ಆಡು."

"ಇಷ್ಟು ದಿನ ಇನ್ನೇನು ಮಾಡ್ತಿದ್ದೆ?"

"ಆಡು ಅಂದೆ."

ಆ ಮನೆಯಲ್ಲಿ ಮುಟ್ಟಿದ ಕಾಯಿಯನ್ನೇ ನಡೆಸಬೇಕು. ಅಪ್ಪನ ಕಾಲದಿಂದ ಬಂದದ್ದು. ತಂಗಿ ಕುದುರೆಯನ್ನು ಮುಟ್ಟಿಬಿಟ್ಟಿದ್ದಾಳೆ. ಅದಕ್ಕಿರುವುದು ಎರಡೇ ಮನೆ. ಒಂದರಲ್ಲಿ ಕಪ್ಪೆ ಕೂತಿದೆ. ಹೊಡೆದರೆ ಆಟ ಅವಳದು, ಇಷ್ಟು ಸುಲಭವಾಗಿ ಹೊಡೆಯಬಹುದಿತ್ತೆಂದು ಹಿಂದಿನ ಒಂದೊಂದು ಆಟವೂ ಅಣ್ಣನ ಕಣ್ಣ ಮುಂದೆ ಬರುತ್ತದೆ. ಇನ್ನೊಂದಕ್ಕೆ ಇಟ್ಟರೆ ಕಪ್ಪೆ ಹಾರುತ್ತದೆ, ಅಣ್ಣ ಗೆಲ್ಲುತ್ತಾನೆ, ಲಕೋಟೆ ಅಂಚೆಗೆ ಹೋಗುತ್ತದೆ.

ನನ್ನ ಮುಖ ನೋಡಬೇಡಿ. ನಾನು ಕಿಟಕಿಯನ್ನು ಅಳಿಸಿದ್ದೇನೆ. ನನ್ನಿಂದ ಆಗುವುದು ಅಷ್ಟೇ.

ಕುದುರೆಯ ತಲೆ ಅವಳ ಎರಡು ಬೆರಳುಗಳ ನಡುವೆ ಇದೆ. ಅಣ್ಣ ಮಣೆಯನ್ನು ನೋಡುತ್ತಿಲ್ಲ. ಅವಳ ಕೈಯನ್ನು ನೋಡುತ್ತಿದ್ದಾನೆ.